ಡಬ್ಬಿ ಏಳವಲ್ದ್ರೀ ಅಕ್ಕಾರ!

ಇಂಡಿ ಊರಿನ ಬಸ್‌ಸ್ಟ್ಯಾಂಡ್ ಹಿಂದಿನ ಓಣಿಯಲ್ಲಿ ಹದಿನೆಂಟು ವರ್ಷದಿಂದ ಕಂಪ್ಯೂಟರ್ ರಿಪೇರಿ ಅಂಗಡಿ ನಡೆಸುತ್ತಿದ್ದೇನೆ. ಇಂಥ ಪ್ರಸಂಗಗಳು ನನ್ನನ್ನೇ ಹುಡುಕಿಕೊಂಡು ಬರುತ್ತವೋ, ನಾನೇ ಅವುಗಳ ಬಾಗಿಲಿಗೆ ಹೋಗಿ ನಿಲ್ಲುತ್ತೇನೋ ಗೊತ್ತಿಲ್ಲ. ಈಗ ಈ ಕಡೆ ಮನೆ ಸರ್ವರ್ ಅನ್ನುವ ಹೊಸ ಹುಚ್ಚು ಹತ್ತಿದೆ. ಮನೆಯ ಮೂಲೆಯಲ್ಲಿ ಒಂದು ಡಬ್ಬಿ. ಅದರ ಹೊಟ್ಟೆಯಲ್ಲಿ ಮನೆಮಂದಿಯ ಫೋಟೋ, ವಿಡಿಯೋ, ಹಾಡು, ಕಾಗದಪತ್ರ ಎಲ್ಲ. ಯಾರು ಬೇಕಾದರೂ ತಮ್ಮ ಫೋನಿನಲ್ಲೇ ತೆಗೆದು ನೋಡಬಹುದು. ಬಿಡಿಭಾಗ ತರಿಸಿ ಕಟ್ಟಿಕೊಡುವವಳು ನಾನು. ಅಂಗಡಿಯಲ್ಲಿ ಗುಂಡಿ ಒತ್ತಿದರೆ ಚಕ್ಕನೆ ಏಳುವ ಡಬ್ಬಿ ಗಿರಾಕಿಯ ಮನೆ ಹೊಕ್ಕ ಕೂಡಲೇ ಮಲಗಿಬಿಡುತ್ತದೆ. ಆಗ ಫೋನು ಬರುತ್ತದೆ: “ಅಕ್ಕಾರ, ಡಬ್ಬಿ ಏಳವಲ್ದ್ರೀ!”

ಹೆಮ್ಮೆಯಿಂದಲೇ ಹೇಳುತ್ತೇನೆ, ಈ ನಾಲ್ಕು ತಾಲೂಕಿನಲ್ಲಿ ನಾನು ಕೈ ಹಾಕಿದ ಯಾವ ಡಬ್ಬಿಯೂ ಏಳದೆ ಉಳಿದಿಲ್ಲ. ಎಬ್ಬಿಸಿದವಳು ಪ್ರತಿಸಲವೂ ನಾನೇ ಅಂತ ಮಾತ್ರ ಆಣೆ ಮಾಡಲಾರೆ.

೧. ಮೂರು ದಿನದ ಸೂತಕ

ಸಿಂದಗಿಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿರುವ ಒಬ್ಬ ಸಾಹೇಬರಿದ್ದಾರೆ. ಮೂವತ್ತು ವರ್ಷ ಕ್ಯಾಮೆರಾ ಬಿಚ್ಚಿ ಜೋಡಿಸಿದ ಕೈ. “ಡಬ್ಬಿ ನಾನ ಕಟ್ಟತೇನಿ, ನೀವು ಡಿಸ್ಕ್ ಅಷ್ಟ ತಯಾರ ಮಾಡಿ ಕೊಡ್ರಿ” ಅಂದರು. ಕೊಟ್ಟೆ. ಫೋನಿನಿಂದ ಅದನ್ನು ತೆರೆಯುವುದು ಹೇಗೆ ಅಂತ ಒಂದು ಚೀಟಿಯನ್ನೂ ಬರೆದುಕೊಟ್ಟೆ.

ನಾಲ್ಕನೇ ದಿನ ಫೋನು. ದನಿ ಅಡಗಿಹೋಗಿತ್ತು. “ಫ್ಯಾನ್ ತಿರಗತೈತ್ರಿ, ಟೀವಿಯೊಳಗ ಏನೂ ಬರಂಗಿಲ್ಲ. ಮೂರು ದಿನಾ ಆತು, ಹತ್ತು ಸಲ ಬಿಚ್ಚಿ ಹತ್ತು ಸಲ ಕಟ್ಟೇನಿ.”

ಬಸ್ಸು ಹತ್ತಿ ಹೋದೆ. ಹೊರಗಿನ ಕೋಣೆಯಲ್ಲಿ ಡಬ್ಬಿಯ ಮುಂದೆ ಸಾಹೇಬರು ತಲೆ ಮೇಲೆ ಕೈಹೊತ್ತು ಕೂತಿದ್ದರು. ನೋಡಿದ ಕೂಡಲೇ ತಿಳಿಯಿತು. ಅವರು ಹಾಕಿದ್ದ ಪ್ರೊಸೆಸರ್ ಟೀವಿಗೆ ಚಿತ್ರ ಕಳಿಸುವ ಜಾತಿಯದೇ ಅಲ್ಲ. ಇನ್ನೂ ಮೂರು ತಿಂಗಳು ಕೂತರೂ ಆ ಟೀವಿ ಕಪ್ಪಗೇ ಇರುತ್ತಿತ್ತು. ಹಾಗಂತ ಡಬ್ಬಿ ಎದ್ದಿಲ್ಲ ಅನ್ನುವ ಹಾಗೂ ಇಲ್ಲವಲ್ಲ. “ಚೀಟಿ ಎಲ್ಲಿ ಐತ್ರಿ?” ಅಂದೆ.

ಒಳಗಿನಿಂದ ಅವರ ಬೇಗಂ ಬಂದರು. ಚೀಟಿ ಅವರ ಕೈಯಲ್ಲೇ ಇತ್ತು. “ಮೊದಲನೇ ದಿನಾನ ನನ್ನ ಫೋನಿನ್ಯಾಗ ತಗದೇನ್ರಿ. ಮಗಳ ಲಗ್ನದ ಫೋಟೋ ಎಲ್ಲಾ ಹಾಕೇನಿ. ಛಲೋ ನಡದೈತಿ. ನಡು ನಡುವ ಒಮ್ಮೆಲೆ ಬಂದ್ ಆಗತಿತ್ತು, ಲೈಟ್ ಹೋಗ್ಯಾವ ಅಂತ ತಿಳದಿದ್ನಿ.”

ಸಾಹೇಬರು ಹೆಂಡತಿಯ ಮುಖ ನೋಡಿದರು, ನನ್ನ ಮುಖ ನೋಡಿದರು. “ಅಲ್ರೀ, ಮೂರು ದಿನಾ ನಾ ಸತ್ತೈತಿ ಅಂತ ಅಳಾಕತ್ತೇನಿ, ಇಕಿ ಅದರ ಕೂಡ ಸಂಸಾರ ನಡಸ್ಯಾಳ!”

ಬೇಗಂ ತಣ್ಣಗೆ ಹೇಳಿದರು: “ನೀವು ಅದರ ಮುಂದ ಕುಂತು ಬೈಯಾಕತ್ತಿದ್ರಿ. ನನಗ ಬೈಯಲಿಲ್ಲಲ್ಲ ಅಂತ ನಾ ಸುಮ್ಮಕಿದ್ನಿ.”

೨. ಡಬ್ಬಿಯ ಹಣೆ

ಬಸವನ ಬಾಗೇವಾಡಿ ಹತ್ತಿರದ ಇಂಗಳೇಶ್ವರದಲ್ಲಿ ನಿವೃತ್ತ ಹೆಡ್‌ಮಾಸ್ತರರ ಮನೆ. ಅವರ ಡಬ್ಬಿಯನ್ನು ನನ್ನ ಅಂಗಡಿಯಲ್ಲಿ ಎರಡು ದಿನ ಓಡಿಸಿ ನೋಡಿಯೇ ಕಳಿಸಿದ್ದೆ. ಮಾರನೆಯ ದಿನವೇ ದೂರು ಬಂತು. ಮಾಸ್ತರರ ದೂರು ಅಂದರೆ ಕೈಬರಹದ ಒಂದು ಹಾಳೆ, ಅದರ ಫೋಟೋ ವಾಟ್ಸಾಪಿನಲ್ಲಿ. “ಗೋಡೆಯ ಸ್ವಿಚ್ ಹಾಕಿದೊಡನೆ ತಾನಾಗಿ ಎದ್ದೇಳುತ್ತದೆ. ನಾಲ್ಕು ಸೆಕೆಂಡಿಗೆ ಆರುತ್ತದೆ. ಇಪ್ಪತ್ತೊಂದು ಸಲ ಪರೀಕ್ಷಿಸಲಾಗಿದೆ. ಫಲಿತಾಂಶದಲ್ಲಿ ಬದಲಾವಣೆ ಇಲ್ಲ.”

ಹೋದೆ. ನಡುಮನೆಯಲ್ಲಿ ಡಬ್ಬಿ ಮದುಮಗನ ಹಾಗೆ ಕೂತಿತ್ತು. ಮಾಲೆ, ಊದುಬತ್ತಿ, ಎದುರಿಗೆ ಒಡೆದ ಕಾಯಿ. ಹೊಸ ಮಷಿನ್ ಮನೆಗೆ ಬಂದರೆ ಪೂಜೆ ಮಾಡುವುದು ರೂಢಿಯೇ. ನಾನು ಮಾಲೆ ಸರಿಸಿ, ಡಬ್ಬಿಯ ಪಕ್ಕದ ಬಾಗಿಲು ಬಿಚ್ಚಿ, ಮೆಮೊರಿ ತೆಗೆದು ಹಾಕಿ, ವೈರು ಒಂದೊಂದೇ ಜಗ್ಗಿ ನೋಡಿದೆ. ಎಲ್ಲ ಸರಿ. ಸ್ವಿಚ್ ಹಾಕಿದರೆ ಮತ್ತೆ ನಾಲ್ಕು ಸೆಕೆಂಡು. ಮಾಸ್ತರರು ಪಕ್ಕದಲ್ಲಿ ಗಡಿಯಾರ ಹಿಡಿದು, “ಇಪ್ಪತ್ತೆರಡು” ಅಂದರು.

ನಾಲ್ಕು ಸೆಕೆಂಡು! ಪವರ್ ಗುಂಡಿಯನ್ನು ಒತ್ತಿ ಹಿಡಿದರೆ ಕಂಪ್ಯೂಟರ್ ಆರುವುದು ಸರಿಯಾಗಿ ಅಷ್ಟರಲ್ಲೇ. ಹಾಗಾದರೆ ಯಾರೋ ಒತ್ತಿ ಹಿಡಿದಿದ್ದಾರೆ. ಬಾಗಿಲು ಮುಚ್ಚಿ ಮುಂದಿನಿಂದ ನೋಡಿದೆ. ಗುಂಡಿಯೇ ಕಾಣಿಸಲಿಲ್ಲ. ಆ ಜಾಗದಲ್ಲಿ ವಿಭೂತಿ, ಅರಿಷಿಣ, ಕುಂಕುಮ ಗಟ್ಟಿಯಾಗಿ ಮೆತ್ತಿಕೊಂಡು ಒಣಗಿತ್ತು. ಗುಂಡಿ ಒಳಗೆ ಹೋಗಿ ಅಲ್ಲೇ ಸಿಕ್ಕಿಬಿದ್ದಿತ್ತು.

ಮಾಸ್ತರರ ಹೆಂಡತಿ ಮುಖ ಸಣ್ಣ ಮಾಡಿಕೊಂಡರು. “ನಡುವ ದುಂಡಗ ಹಣಿ ಇದ್ದಂಗ ಇತ್ತವ್ವ. ಗಟ್ಟಿ ಒತ್ತಿ ಹಚ್ಚಿದ್ನಿ, ಉದುರಬಾರದು ಅಂತ.”

ಹಸಿ ಬಟ್ಟೆಯಿಂದ ಒರೆಸಿದೆ. ಗುಂಡಿ ಟಿಕ್ ಅಂತ ಹೊರಗೆ ಬಂತು, ಒಮ್ಮೆ ಒತ್ತಿದೆ, ಡಬ್ಬಿ ಎದ್ದು ನಿಂತಿತು. ಆ ತಾಯಿ ಖುಷಿಯಲ್ಲಿ ಮತ್ತೆ ಕುಂಕುಮದ ಬಟ್ಟಲಿಗೆ ಕೈ ಹಾಕಿದರು. ಮಾಸ್ತರರು ಓಡಿಹೋಗಿ ಸೀಮೆಸುಣ್ಣ ತಂದು, ಡಬ್ಬಿಯ ನೆತ್ತಿಯ ಮೇಲೆ ಒಂದು ಬಾಣ ಎಳೆದು, ದುಂಡಾದ ಅಕ್ಷರದಲ್ಲಿ ಬರೆದರು: “ಹಣೆ ಇಲ್ಲಿದೆ.”

೩. ಅಟ್ಟ ಒಲ್ಲದ ಡಬ್ಬಿ

ಮುದ್ದೇಬಿಹಾಳದ ಕಾಳುಕಡಿಯ ಅಡತಿ ವ್ಯಾಪಾರಿಗಳು, ಮೂವರು ಅಣ್ಣತಮ್ಮಂದಿರು. ಅವರದೇ ಹಳೆಯ ಕಂಪ್ಯೂಟರಿನ ಮದರ್‌ಬೋರ್ಡು ಹಾಕಿ ಹೊಸ ಸರ್ವರ್ ಕಟ್ಟಿಕೊಟ್ಟಿದ್ದೆ. ಕೆಳಗೆ ಟೀವಿ, ಕೀಬೋರ್ಡ್ ಹಚ್ಚಿದರೆ ಏಳುತ್ತದೆ. ಏಣಿ ಹತ್ತಿಸಿ ಅಟ್ಟದ ಮೇಲೆ ಒಂದನ್ನೇ ಇಟ್ಟರೆ ಏಳುವುದಿಲ್ಲ. ಇಳಿಸಿದರೆ ಏಳುತ್ತದೆ. ಹತ್ತಿಸಿದರೆ ಇಲ್ಲ. ಅವರಲ್ಲಿ ಹಿರಿಯರು ಫೋನಿನಲ್ಲಿ ಹೇಳಿದರು: “ಪೂರ್ವಕ್ಕ ಮುಖ ಮಾಡೀವ್ರಿ, ಉತ್ತರಕ್ಕ ಮುಖ ಮಾಡೀವ್ರಿ. ಏಳವಲ್ದು.”

“ಅದರ ಮುಖ ಯಾವುದು ಅಂತ ಹೆಂಗ ಗೊತ್ತಾತ್ರಿ?”

“ಗುಣುಗುಣು ಅಂತೈತಲ್ರಿ, ಆ ಕಡೆ.”

ನಾನು ಹೋಗಿ ಟೀವಿಯೊಂದನ್ನೇ ಅಟ್ಟಕ್ಕೆ ಹತ್ತಿಸಿದೆ. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಎರಡು ಸಾಲು ಬಂದು ನಿಂತಿತ್ತು. ಹಿರಿಯರಿಗೆ ಓದಿ ಹೇಳಿದೆ: “ಕೀಬೋರ್ಡ್ ಇಲ್ಲ ಅನ್ನಾಕತ್ತೈತ್ರಿ. ಮುಂದ ಹೋಗಬೇಕಂದ್ರ ಕೀಬೋರ್ಡಿನ್ಯಾಗ ಗುಂಡಿ ಒತ್ತಬೇಕಂತ.”

ಅವರು ಏಣಿಯ ನಡುಮೆಟ್ಟಿಲ ಮೇಲೇ ನಿಂತುಬಿಟ್ಟರು. “ಕೀಲಿಕೈ ಕಳದೈತಿ, ಕೀಲಿ ತಗದು ಒಳಗ ಹುಡಿಕ್ರಿ ಅಂದಂಗಾತಲ್ರೀ ಇದು!”

ಹಳೆಯ ಬೋರ್ಡಿನ ಆ ಹಠವನ್ನು ಸೆಟ್ಟಿಂಗಿನಲ್ಲಿ ಬಿಡಿಸದೆ ಕಳಿಸಿದ ತಪ್ಪು ನನ್ನದೇ. ಒಪ್ಪಿಕೊಂಡು ಸರಿಮಾಡಿದೆ. ನಡುವಿನ ತಮ್ಮನಿಗೆ ಮಾತ್ರ ಸಮಾಧಾನವಾಗಲಿಲ್ಲ. “ಕೀಬೋರ್ಡ್ ಇರ್ಲಿ ಬಿಡ್ರಿ. ಕಡೀಕ ಯಾವ ದಿಕ್ಕಿಗೆ ಇಡೋಣು?” ಅಂದ.

೪. ಹಾಡಿನ ಡಬ್ಬಿ

ಊರಿಗೆಲ್ಲ ಡಬ್ಬಿ ಕಟ್ಟಿದ ಮೇಲೆ ನಮ್ಮ ಮನೆಗೂ ಒಂದು ಕಟ್ಟಿದೆ. ನಮ್ಮ ಮಾವನವರು ತೀರಿಹೋಗಿ ಆರು ವರ್ಷ. ಅವರು ಭಜನೆ ಹಾಡುತ್ತಿದ್ದರು. ಮನೆಯಲ್ಲೇ ಕೂತು ಹಾಡಿ ತುಂಬಿಸಿದ ಕ್ಯಾಸೆಟ್ಟುಗಳು ಒಂದು ಟ್ರಂಕಿನಷ್ಟಿದ್ದವು. ಎಲ್ಲವನ್ನೂ ಡಿಸ್ಕಿಗೆ ಇಳಿಸಿದೆ. ಭಾನುವಾರ ಕೇಳಲು ಬನ್ನಿ ಅಂತ ದೇವಣಗಾಂವ, ತಾಳಿಕೋಟೆಯ ಬೀಗರಿಗೆಲ್ಲ ಹೇಳಿ ಕಳಿಸಿದೆ.

ಶುಕ್ರವಾರ ಡಬ್ಬಿ ಜೋಡಿಸಿ ಗುಂಡಿ ಒತ್ತಿದೆ. ಫ್ಯಾನ್ ಒಮ್ಮೆ ಮಿಸುಕಿ ನಿಂತಿತು. ಅಷ್ಟೇ.

ಮೆಮೊರಿ ಬದಲಿಸಿದೆ. ಪವರ್ ಸಪ್ಲೈ ಬದಲಿಸಿದೆ. ಬೋರ್ಡನ್ನೇ ಹೊರಗೆ ತೆಗೆದು ಮೇಜಿನ ಮೇಲಿಟ್ಟರೆ ಏಳುತ್ತದೆ, ಡಬ್ಬಿಯೊಳಗೆ ಕೂರಿಸಿದರೆ ಮಿಸುಕಿ ಸಾಯುತ್ತದೆ. ಶನಿವಾರ ಮಧ್ಯಾಹ್ನದ ಹೊತ್ತಿಗೆ ನನ್ನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ನಮ್ಮ ಮನೆಯವರು ಪಾಪ, ಮೆತ್ತಗೆ ಕೇಳಿದರು: “ಯಾರರ ಛಲೋ ಮೆಕ್ಯಾನಿಕ್ ಇದ್ರ ಕರಸೋಣೇನು?” ಆ ದಿನ ಅವರಿಗೆ ಸಂಜೆ ಚಹಾ ಸಿಗಲಿಲ್ಲ.

ಬೋರ್ಡನ್ನು ಮತ್ತೆ ಹೊರಗೆ ತೆಗೆದು ಕೂತಿದ್ದೆ. ಪಕ್ಕದಲ್ಲಿ ನಮ್ಮ ಅತ್ತಿ ತೊಗರಿಬೇಳೆ ಆರಿಸುತ್ತಿದ್ದರು. ಓಣಿಯ ಹೆಂಗಸರಿಗೆಲ್ಲ ಕುಪ್ಪಸ ಹೊಲಿದುಕೊಟ್ಟೇ ಮಕ್ಕಳನ್ನು ಓದಿಸಿದವರು ಅವರು. ಡಬ್ಬಿಯ ಒಳಗಿನ ತಗಡನ್ನು ನೋಡಿದರು, ಬೋರ್ಡು ನೋಡಿದರು. “ಯವ್ವಾ, ಗುಂಡಿ ಹತ್ತ ಅದಾವು, ಕಾಜಾ ಒಂಬತ್ತ ಅದಾವಲ್ಲ?”

“ಏನಂದ್ರಿ ಅತ್ತಿ?”

“ತಗಡಿನ ಮ್ಯಾಲ ಹಿತ್ತಾಳಿ ಗುಂಡಿ ಹತ್ತ. ಆ ಹಸರ ಹಲಗ್ಯಾಗ ತೂತು ಒಂಬತ್ತ. ಒಂದ ಗುಂಡಿ ಹೆಚ್ಚಿಗಿ ಹಚ್ಚಿದ್ರ ಕುಪ್ಪಸ ಕೂಡತೈತೇನ?”

ಎಣಿಸಿದೆ. ಬೋರ್ಡು ತಗಡಿಗೆ ತಾಗದಂತೆ ಎತ್ತಿ ಹಿಡಿಯುವ ಹಿತ್ತಾಳೆಯ ಗಿಡ್ಡ ಗೂಟಗಳು ಅವು. ಹತ್ತನೆಯದಕ್ಕೆ ತೂತು ಇರಲಿಲ್ಲ. ಅದು ಬೋರ್ಡಿನ ಬೆನ್ನಿಗೆ ಚುಚ್ಚಿಕೊಂಡು ಕರೆಂಟನ್ನು ಅಡ್ಡದಾರಿಗೆ ಎಳೆಯುತ್ತಿತ್ತು. ಅದೊಂದನ್ನು ಬಿಚ್ಚಿ, ಬೋರ್ಡು ಕೂರಿಸಿ, ಗುಂಡಿ ಒತ್ತಿದೆ. ಪೀಂ ಅಂತ ಎದ್ದಿತು! ನಾನು ಅತ್ತಿಯ ಕೈ ಹಿಡಿದು ಕುಣಿದುಬಿಟ್ಟೆ. ಅರ್ಧ ಬೇಳೆ ನೆಲದ ಪಾಲಾಯಿತು.

ಭಾನುವಾರ ಮನೆ ತುಂಬ ಜನ. ಅತ್ತಿ ಬಂದವರಿಗೆಲ್ಲ, “ನಮ್ಮ ಸೊಸಿ ಕಟ್ಯಾಳ, ನೋಡ್ರಿ” ಅಂದದ್ದೇ ಅಂದದ್ದು. “ಎಬ್ಬಿಸಿದವರು ಅತ್ತಿ” ಅಂತ ನಾನು. ಬೀಗರು ಯಾರನ್ನು ಹೊಗಳಬೇಕು ತಿಳಿಯದೆ ಡಬ್ಬಿಯನ್ನೇ ಹೊಗಳಿದರು. ಹಾಡು ಹಚ್ಚಿದೆ. ಹಾರ್ಮೋನಿಯಂ ಎದ್ದಿತು, ಅದರ ಹಿಂದೆಯೇ ಮಾವನವರ ತುಂಬು ದನಿ. ಅತ್ತಿ ಸೆರಗು ಹೊದ್ದು, ಕಣ್ಣು ಮುಚ್ಚಿ ಕೂತಿದ್ದರು.

ಎರಡನೇ ನುಡಿಯ ನಡುವೆ ಹಾಡು ತಟ್ಟನೆ ನಿಂತಿತು. ಸ್ಪೀಕರಿನಿಂದ ಮಾವನವರು ಗುಡುಗಿದರು: “ಏ, ಕೇಳಾಕತ್ತಿಯೇನ? ಒಳಗ ಹಾಲು ಉಕ್ಕಾಕತ್ತಾವ ನೋಡ!”

“ಬಂದ್ನಿರೀ!” ಅಂದವರೇ ಅತ್ತಿ ಎದ್ದು ಒಳಗೆ ಓಡಿದರು.

ಮನೆ ಹಾರಿಹೋಗುವಂಥ ನಗೆ ಎದ್ದಿತು. ತಾಳಿಕೋಟೆಯ ಬೀಗರಂತೂ ಕಂಬ ಹಿಡಿದುಕೊಂಡು ಕಣ್ಣೊರೆಸಿಕೊಂಡರು. ಎಂದೋ ತುಂಬಿಸಿದ ಹಳೆಯ ಕ್ಯಾಸೆಟ್ಟು, ಪಾಪ, ಮುದುಕಿಗೆ ನಿಜ ಅನ್ನಿಸಿತಲ್ಲ ಅಂತ.

ಅಷ್ಟರಲ್ಲಿ ಅತ್ತಿ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತರು. ಕೈಯಲ್ಲಿ ಇಕ್ಕಳ, ಇಕ್ಕಳದಲ್ಲಿ ಬುರುಗು ಬಾಯಿಗೆ ಬಂದ ಹಾಲಿನ ಪಾತೇಲಿ. ಬೀಗರ ಚಹಾಕ್ಕೆಂದು ನಾನೇ ಒಲೆಯ ಮೇಲಿಟ್ಟು ಮರೆತಿದ್ದ ಹಾಲು.

“ನಗ್ರಿ, ನಗ್ರಿ” ಅಂದರು ಅತ್ತಿ. “ಇಟ್ಟಾಕಿ ಮರತಾಳ. ಅವರಿಗೆ ನೆನಪೈತಿ!”