ಫ್ರೀಜರ್ ಬಾಗಿಲಿಗೆ ಕೊಟ್ಟ ಮಾತು

ಆ ಸೋಮವಾರ ನಾನು ಐದನೇ ತರಗತಿಗೆ ಭಿನ್ನರಾಶಿ ಹೇಳಿಕೊಡುತ್ತಿದ್ದೆ. ಬೋರ್ಡಿನ ಮೇಲೆ ದೋಸೆ ಬರೆದು ಮುಕ್ಕಾಲು ಭಾಗಕ್ಕೆ ಗೆರೆ ಎಳೆಯುವಾಗ ಮುಖ್ಯೋಪಾಧ್ಯಾಯರು ಬಾಗಿಲಲ್ಲಿ ನಿಂತು, "ಮೇಷ್ಟ್ರೇ, ಮನೆಗೆ ಹೊರಡಿ" ಎಂದರು. ನಾನು ಹೋಗುವಷ್ಟರಲ್ಲಿ ನನ್ನವಳು ಹೋಗಿಬಿಟ್ಟಿದ್ದಳು. ಹಿಂದಿನ ಸಂಜೆ ಜಗಲಿಯಲ್ಲಿ ಕೂತು, ನೆನೆಸಿದ ಅವರೆಕಾಳನ್ನು ಒಂದೊಂದಾಗಿ ಹಿತಕಿ ಸಿಪ್ಪೆ ಬಿಡಿಸಿದ್ದಳು. ಒಂದು ಪೊಟ್ಟಣ ಕಟ್ಟಿ ಫ್ರೀಜರಿನಲ್ಲಿಟ್ಟಿದ್ದನ್ನು ನಾನೇ ನೋಡಿದ್ದೆ.

ಸಾವಿನ ಮನೆಯಲ್ಲಿ ನಗುವಂಥದ್ದು ನಡೆಯುವುದಿಲ್ಲ ಎಂದು ಜನ ತಿಳಿದಿರುತ್ತಾರೆ. ದೊಡ್ಡಬಳ್ಳಾಪುರದ ಹತ್ತಿರದ ಮಧುರೆಯ ನಮ್ಮ ಮನೆಯಲ್ಲಿ ನಡೆಯುತ್ತಲೇ ಇತ್ತು, ಅದೂ ಒಂದು ಫ್ರಿಜ್ಜಿನ ಸುತ್ತ.

ನಮ್ಮದು ಹಳೆಯ ಒಂಟಿ ಬಾಗಿಲಿನ ಫ್ರಿಜ್ಜು. ಒಳಗೆ ಮೇಲುಗಡೆ ಫ್ರೀಜರ್, ಅದಕ್ಕೊಂದು ಪುಟ್ಟ ಪ್ಲಾಸ್ಟಿಕ್ ಬಾಗಿಲು. ಕಾರ್ಯಕ್ಕೆ ಬಂದ ನೆಂಟರು ಹಾಲು ಮೊಸರು ಎಂದು ತೆಗೆದು ಇಟ್ಟು, ಆ ಪುಟ್ಟ ಬಾಗಿಲನ್ನು ಅರೆಬರೆ ಮುಚ್ಚಿ ಹೋದರು. ಸುತ್ತ ಐಸ್ ಕಟ್ಟಿಕೊಂಡು ಅದು ಗೋಡೆಯಾಯಿತು. ನಾನೂ ಹಾಗೇ ಬಿಟ್ಟಿದ್ದೆ.

ಅವರೆಯ ಕಾಲ ಮುಗಿದು ಬಿಸಿಲೇರಿದ ಮೇಲೆ, ಹೊಸಕೋಟೆಯಲ್ಲಿರುವ ಬಸುರಿ ಮಗಳು ಫೋನ್ ಮಾಡಿದಳು. "ಅಪ್ಪಾ, ಅಮ್ಮ ಹಿತಕಿಟ್ಟಿದ್ದ ಬೇಳೆ ಇದ್ಯಲ್ಲಾ, ಅದರ ಸಾರು ತಿನ್ಬೇಕು ಅನ್ನಿಸ್ತಿದೆ. ಭಾನುವಾರ ಬರ್ತೀನಿ."

ಆ ಬೇಳೆ ಯಾವ ಅಂಗಡಿಯಲ್ಲೂ ಸಿಗುವಂಥದ್ದಲ್ಲ.

ರೈಟ್ ರೈಟ್

ಮೊದಲು ಬಂದವರು ಎದುರು ಮನೆಯ ನಿವೃತ್ತ ಬಸ್ ಕಂಡಕ್ಟರು. ಪುಟ್ಟ ಬಾಗಿಲಿನ ಅಂಚಿಗೆ ಬೆರಳು ಸಿಕ್ಕಿಸಿ ಎಳೆದರು. ಬಾಗಿಲು ಬರಲಿಲ್ಲ. ಗಾಲಿಯ ಸ್ಟ್ಯಾಂಡಿನ ಮೇಲಿದ್ದ ಫ್ರಿಜ್ಜು ಮಾತ್ರ ಅವರ ಹಿಂದೆಯೇ ಅಡುಗೆಮನೆಯ ಹೊಸ್ತಿಲವರೆಗೆ ಬಂತು.

ಅವರ ಹೆಂಡತಿ ಹೊರಗಿನಿಂದ ಕೂಗಿದರು: "ರೀ, ಅದನ್ನ ಎಲ್ಲಿಗೆ ಕರ್ಕೊಂಡ್ ಹೋಗ್ತಿದ್ದೀರಿ?"

ಕಂಡಕ್ಟರು ತಿರುಗಿ ನೋಡದೆ ಹೇಳಿದರು: "ಎಲ್ಲೂ ಸ್ಟಾಪಿಲ್ಲ, ಸೀದಾ ದೊಡ್ಡಬಳ್ಳಾಪುರ!"

ಎಲ್ಲ ಕರಗುತ್ತೆ

ಆಮೇಲೆ ಮೆಕ್ಯಾನಿಕ್ ಬಂದ. "ಇದೇನ್ ಮಹಾ ಸಾರ್. ಸ್ವಿಚ್ ಆಫ್ ಮಾಡಿ ನಾಳೆವರೆಗೂ ಬಿಡಿ, ಎಲ್ಲ ಕರಗುತ್ತೆ."

"ಎಲ್ಲ ಅಂದ್ರೆ, ಒಳಗಿರೋದೂ?"

"ಒಳಗೇನಿದೆ ಸಾರ್?"

"ಅವರೆಬೇಳೆ. ಅದು ಕೆಡಬಾರದು. ಕರೆಂಟ್ ಮಾತ್ರ ತೆಗೀಬೇಡಪ್ಪ."

ಅವನು ಗೋಡೆಯ ಮೇಲಿನ ಹಾರ ಹಾಕಿದ ಫೋಟೊ ನೋಡಿದ. ಸ್ಕ್ರೂಡ್ರೈವರನ್ನು ಚೀಲಕ್ಕೆ ಹಾಕಿಕೊಂಡ. "ಹಾಗಾದ್ರೆ ಬಿಸಿನೀರಲ್ಲಿ ಬಟ್ಟೆ ಅದ್ದಿ ಅಂಚಿಗೆ ಒತ್ತುತ್ತಾ ಇರಿ. ಚಾಕು ಹಾಕ್ಬೇಡಿ, ಗ್ಯಾಸ್ ಪೈಪ್ ತೂತಾಗುತ್ತೆ."

ಅವನು ಹೇಳಿದಂತೆ ಬಟ್ಟೆ ಒತ್ತಿದೆ. ಅಷ್ಟರಲ್ಲಿ ಯಾರೋ ಕರೆದರೆಂದು ಗೇಟಿನವರೆಗೆ ಹೋಗಿ, ಮಾತು ಮುಗಿಸಿ ಬಂದು ನೋಡಿದರೆ ಬಟ್ಟೆಯೂ ಅಂಟಿಕೊಂಡಿತ್ತು. ಈಗ ಬಿಡಿಸಬೇಕಾದದ್ದು ಎರಡಾಯಿತು.

ಕಂಬಳಿ

ಶನಿವಾರ ನಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರು ತಮ್ಮ ಮನೆಯವರ ಹೇರ್ ಡ್ರೈಯರ್ ತಂದರು. ಅದನ್ನು ಪ್ಲಗ್ಗಿಗೆ ಹಾಕಿದ್ದೇ ತಡ, ಫ್ಯೂಸ್ ಹಾರಿ ಇಡೀ ಮನೆಯ ಕರೆಂಟ್ ಹೋಯಿತು. ಬೇಳೆ ಕರಗಿಬಿಟ್ಟೀತು ಎಂದು ನಾನು ಓಡಿಹೋಗಿ ಕಂಬಳಿ ತಂದು ಫ್ರಿಜ್ಜಿಗೆ ಹೊದಿಸಿದೆ. ವಿಜ್ಞಾನದ ಮೇಷ್ಟ್ರು ಫ್ಯೂಸ್ ಕಟ್ಟುತ್ತಲೇ, "ಒಳ್ಳೇದು, ತಂಪು ಆಚೆ ಹೋಗಲ್ಲ" ಎಂದು ಒಪ್ಪಿಗೆ ಕೊಟ್ಟರು.

ಕಂಡಕ್ಟರ ಹೆಂಡತಿ ಇಣುಕಿ ನೋಡಿ ಕೆನ್ನೆಗೆ ಕೈಯಿಟ್ಟರು. "ಅಯ್ಯೋ ಮೇಷ್ಟ್ರೇ, ಅದಕ್ಕೂ ಚಳಿಜ್ವರ ಬಂತಾ?"

ಕಾಗೆ

ಭಾನುವಾರ ಮಗಳು ಬಂದಳು. ಬಂದವಳೇ ನೀರು ಕಾಯಿಸಿ, ಬಟ್ಟೆ ಅದ್ದಿ ಬಾಗಿಲಿನ ಅಂಚಿಗೆ ಒತ್ತುತ್ತಾ ನಿಂತಳು. ಎದುರು ಮನೆಯ ಕಂಡಕ್ಟರೂ ಅವರ ಹೆಂಡತಿಯೂ ಬಂದು ಸೇರಿದರು. ಹಿಂದೆಯೇ ಕುಂದಾಣದಿಂದ ನಮ್ಮಕ್ಕ ಬಂದಳು. ಫ್ರಿಜ್ಜನ್ನು ಮೇಲಿಂದ ಕೆಳಗೆ ನೋಡಿ, "ಹಾಲುತುಪ್ಪದ ದಿನ ಕರೆಯೋಕೆ ಮುಂಚೆನೇ ಕಾಗೆ ಬಂದು ಎಡೆ ಮುಟ್ತು. ಏನೂ ಕೇಳ್ದೆ ಹೋದ್ಲಲ್ಲಾ ಅಂತ ಅವತ್ತೇ ಅಂದ್ಕೊಂಡೆ. ಈಗ ಇಲ್ಲಿ ಹಿಡ್ಕೊಂಡಿದ್ದಾಳೆ" ಎಂದಳು.

ಸತ್ತವರಿಗೆ ಇಟ್ಟ ಎಡೆಯನ್ನು ಕಾಗೆ ಮುಟ್ಟದಿದ್ದರೆ, ಅವರ ಆಸೆ ಏನೋ ಉಳಿದಿದೆ ಎಂದು ಮನೆಯವರು ಒಬ್ಬೊಬ್ಬರಾಗಿ ಮಾತು ಕೊಡುವುದು ನಮ್ಮಲ್ಲಿ ರೂಢಿ. ಅಕ್ಕ ಫ್ರಿಜ್ಜಿಗೆ ಕೈಮುಗಿದಳು. "ನಿನ್ ಮಗಳ ಬಾಣಂತನ ನಾನೇ ನಿಂತು ಮಾಡ್ತೀನಿ ಕಣವ್ವಾ, ಬಿಡು."

ಬಾಗಿಲು ಬಿಡಲಿಲ್ಲ. ಕಂಡಕ್ಟರು ಮುಂದೆ ಬಂದರು. "ತಾಯೀ, ಮೇಷ್ಟ್ರನ್ನ ಒಬ್ಬರನ್ನೇ ಬಿಡಲ್ಲ. ದಿನಾ ಬಂದು ಮಾತಾಡಿಸ್ತೀನಿ."

ಅಕ್ಕ ಬಾಗಿಲು ಜಗ್ಗಿ ನೋಡಿದಳು. "ಇನ್ನೂ ಬಿಗಿಯಾಯ್ತು ನೋಡಿ!"

ಕಂಡಕ್ಟರ ಹೆಂಡತಿ ಫ್ರಿಜ್ಜಿನತ್ತ ಬಾಗಿ ತುಂಬ ಮೆಲ್ಲಗೆ ಹೇಳಿದರು: "ಅಕ್ಕಾ, ನಿಮ್ಮ ಇಡ್ಲಿ ಪಾತ್ರೆ ನಮ್ಮನೇಲೇ ಇದೆ. ನಾಳೆ ತಂದ್ಕೊಡ್ತೀನಿ."

ಫ್ರಿಜ್ಜು ಟಕ್ ಎಂದು ಸದ್ದು ಮಾಡಿ ಗುರ್ ಎನ್ನತೊಡಗಿತು. ಅದು ದಿನವೂ ಮಾಡುವ ಸದ್ದೇ. ಆಕೆ ಮಾತ್ರ, "ಈಗ್ಲೇ, ಈಗ್ಲೇ ತರ್ತೀನಿ" ಎಂದು ಮನೆಗೆ ಓಡಿದರು.

"ನೀನೂ ಹೇಳೋ" ಎಂದಳು ಅಕ್ಕ.

ನನಗೆ ಬೇರೇನೂ ತೋಚಲಿಲ್ಲ. "ಇನ್ಮೇಲೆ ಬಾಗಿಲು ಸರಿಯಾಗಿ ಹಾಕ್ತೀನಿ" ಎಂದೆ. ದಿನ ಬೆಳಗಾದರೆ ನನ್ನವಳು ನನಗೆ ಹೇಳುತ್ತಿದ್ದುದು ಅದನ್ನೇ.

ಎಳೆದೆ. ಬಾಗಿಲು ಸಲೀಸಾಗಿ ಕೈಗೆ ಬಂತು.

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಕಂಡಕ್ಟರು ಕೈಮುಗಿದರು. "ಬಿಸಿ ಬಟ್ಟೆ ಒತ್ತಿ ಒತ್ತಿ ನನ್ನ ಕೈ ಬೆಂದುಹೋಯ್ತು" ಎಂದು ಮಗಳು ಹೇಳಿದ್ದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ.

ಅಷ್ಟರಲ್ಲಿ ಕಂಡಕ್ಟರ ಹೆಂಡತಿ ಇಡ್ಲಿ ಪಾತ್ರೆ ಅವುಚಿಕೊಂಡು ಏದುಸಿರು ಬಿಡುತ್ತಾ ಬಂದರು. ತೆರೆದ ಬಾಗಿಲನ್ನೂ ಪಾತ್ರೆಯನ್ನೂ ಒಮ್ಮೆ ನೋಡಿದರು.

"ಬಂತಾ? ಹಾಗಾದ್ರೆ ಇದನ್ನ ವಾಪಸ್ ತಗೊಂಡ್ ಹೋಗ್ಲಾ?"

ನನ್ನವಳು ಹೋದ ಮೇಲೆ ಆ ಅಡುಗೆಮನೆಯಲ್ಲಿ ನಾನು ಗಟ್ಟಿಯಾಗಿ ನಕ್ಕಿದ್ದು ಆಗಲೇ. ನಗುತ್ತಲೇ ಒಳಗೆ ಕೈಹಾಕಿದೆ.

ಅವಳು ಇಟ್ಟಿದ್ದನ್ನು ನಾನು ನೋಡಿದ್ದು ಒಂದೇ. ಬೇಳೆಯ ಪೊಟ್ಟಣ ಎರಡಿದ್ದವು.