ಅತ್ತೆಯ ಮೊಣಕೈ

ನಮ್ಮ ಸೋದರತ್ತೆ ಮನುಷ್ಯರನ್ನು ಮುಖ ನೋಡಿ ಗುರುತು ಹಿಡಿಯುತ್ತಿರಲಿಲ್ಲ, ಮೊಣಕೈ ನೋಡಿ ಹಿಡಿಯುತ್ತಿದ್ದರು ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ! ನಾನೂ ಬಹಳ ದಿನ ನಂಬಿರಲಿಲ್ಲ. ಆದರೆ ಒಮ್ಮೆ ಅರಸೀಕೆರೆ ಬಸ್ ನಿಲ್ದಾಣದಲ್ಲಿ, ನಮಗೆ ಬೆನ್ನು ಮಾಡಿ ನಿಂತಿದ್ದ ಹೆಂಗಸೊಬ್ಬರನ್ನು ಅಷ್ಟು ದೂರದಿಂದ ನೋಡಿ, "ಅಗೋ, ನಮ್ಮ ಚಿಕ್ಕಮ್ಮನ ಮಗಳು" ಎಂದರು. ಓಡಿಹೋಗಿ ನೋಡಿದರೆ ಅವರೇ!

"ಹೆಂಗೆ ಗೊತ್ತಾಯ್ತು ಅತ್ತೆ?"

"ಮೊಣಕೈ ಚೂಪು ಕಣೇ. ಆ ಮನೆಯೋರೆಲ್ಲ ಹಂಗೇ. ಬಸ್ಸಲ್ಲಿ ಪಕ್ಕ ಕೂತ್ರೆ ಹಾಸನ ಬರೋವರ್ಗೂ ಚುಚ್ತಾರೆ."

ಈ ಹುಚ್ಚಿಗೆ ಕಾರಣ ಅವರದೇ ಎಡಗೈ. ಆರು ವರ್ಷದವರಿದ್ದಾಗ ಕಣಕಟ್ಟೆಯ ನಮ್ಮ ತೋಟದ ಸೀಬೆ ಮರದಿಂದ ಬಿದ್ದು ಮೊಣಕೈಯ ಮೇಲಿನ ಮೂಳೆ ಮುರಿದುಕೊಂಡರು. ಮನೆಯವರು ತಮಗೆ ಗೊತ್ತಿದ್ದದ್ದನ್ನು ಮಾಡಿದರು. ಬಿಸಿ ಎಣ್ಣೆ ಹಾಕಿ ನೀವಿದರು, ಬಿದಿರಿನ ದಬ್ಬೆ ಇಟ್ಟು ಬಿಗಿಯಾಗಿ ಕಟ್ಟಿದರು. ಕಟ್ಟು ಬಿಚ್ಚಿದಾಗ ಮೂಳೆ ಕೂಡಿತ್ತು. ಕೂಡಿದ ದಿಕ್ಕು ಮಾತ್ರ ಬೇರೆ! ಕೈ ಇಳಿಬಿಟ್ಟರೆ ಮೊಣಕೈ ಹೊರಕ್ಕೆ ಉಬ್ಬಿ, ಮುಂಗೈ ಒಳಕ್ಕೆ ತಿರುಗುತ್ತಿತ್ತು. ನೋವಿಲ್ಲ, ಕೆಲಸಕ್ಕೂ ತೊಂದರೆಯಿಲ್ಲ. ಆ ಕೈಯಲ್ಲಿ ದಾರಿ ತೋರಿಸಬಾರದು, ಅಷ್ಟೆ. ಒಮ್ಮೆ ಬೈಕಿನಲ್ಲಿ ಬಂದ ಇಬ್ಬರು ಹಳೇಬೀಡಿಗೆ ದಾರಿ ಕೇಳಿದರು. ಅತ್ತೆಯ ಬಲಗೈಯಲ್ಲಿ ಸೊಪ್ಪಿನ ಕಟ್ಟು. ಎಡಗೈ ಚಾಚಿ, "ಹಿಂಗೇ ಹೋಗ್ರಪ್ಪ" ಎಂದರು. ಅವರು ಹಾಗೆಯೇ ಹೋದರು. ಐದು ನಿಮಿಷದಲ್ಲಿ ನಮ್ಮ ಕೊಟ್ಟಿಗೆ, ಅದರ ಹಿಂದಿನ ತಿಪ್ಪೆ ಎಲ್ಲ ಪ್ರದಕ್ಷಿಣೆ ಹಾಕಿ ಮತ್ತೆ ಅತ್ತೆಯ ಮುಂದೆಯೇ ಬಂದು ನಿಂತರು!

ನಮ್ಮದು ಲಿಂಗ ಕಟ್ಟುವ ಮನೆ. ಬೆಳಿಗ್ಗೆ ಎಲ್ಲರೂ ಸಾಲಾಗಿ ಮಣೆ ಹಾಕಿಕೊಂಡು, ಎಡ ಅಂಗೈಯ ಮೇಲೆ ಲಿಂಗ ಇಟ್ಟುಕೊಂಡು ಪೂಜೆಗೆ ಕೂರುತ್ತಿದ್ದೆವು. ಅತ್ತೆಯ ಅಂಗೈ ಮಾತ್ರ ಸಮನಾಗಿ ನಿಲ್ಲದೆ ಒಳಕ್ಕೆ ವಾಲುತ್ತಿತ್ತು. ಅದಕ್ಕೆ ಅವರು ಮಣೆಯನ್ನೇ ಓರೆ ಮಾಡಿ, ಎಡ ಭುಜವನ್ನು ಗೋಡೆಗೆ ಆನಿಸಿ ಕೂರುತ್ತಿದ್ದರು. ನಾವೆಲ್ಲ ಪೂರ್ವಕ್ಕೆ, ಅತ್ತೆ ಅಡುಗೆಮನೆಗೆ! ಮನೆಗೆ ಬಂದಿದ್ದ ಸ್ವಾಮಿಗಳೊಬ್ಬರು, "ಯಾಕಮ್ಮ ಹೀಗೆ ಕೂತಿದೀರಿ?" ಎಂದು ಕೇಳಿದರು.

"ಬುದ್ದೀ, ನಾನು ನೆಟ್ಟಗೆ ಕೂತ್ರೆ ಶಿವ ವಾಲ್ಕೊಂಡು ಪಕ್ಕದ ಮಣೆಯೋರ್ನ ನೋಡ್ತಾನೆ. ನಾನೇ ಓರೆ ಕೂತ್ರೆ ನನ್ನ ನೋಡ್ತಾನೆ."

ಸ್ವಾಮಿಗಳು ನಕ್ಕ ರಭಸಕ್ಕೆ ಅವರ ಕೈಯಲ್ಲಿದ್ದ ವಿಭೂತಿ ಎರಡು ಚೂರಾಯಿತು.

ನನ್ನನ್ನು ನೋಡಲು ಗಂಡಿನ ಕಡೆಯವರು ಬಂದಾಗ ಏನಾಯಿತು ಗೊತ್ತೇ? ಅಪ್ಪ ಹುಡುಗನ ಕೆಲಸ, ತೋಟ ವಿಚಾರಿಸುತ್ತಿದ್ದರು. ಅತ್ತೆ ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟು, "ಎರಡೂ ಕೈ ಮುಂದಕ್ಕೆ ಚಾಚಪ್ಪ. ಅಂಗೈ ಮೇಲೆ ಮಾಡು" ಎಂದರು. ಆ ಬಡಪಾಯಿ ಪೊಲೀಸರ ಮುಂದೆ ನಿಂತವನ ಹಾಗೆ ಚಾಚಿದ. ಅತ್ತೆ ಒಂದು ಕಣ್ಣು ಮುಚ್ಚಿ ಅಳತೆ ನೋಡಿ, "ಎರಡೂ ಒಂದೇ ಸಮ. ಹುಡುಗ ಆಗ್ತಾನೆ" ಎಂದು ತೀರ್ಪು ಕೊಟ್ಟರು.

"ಅಕ್ಕ, ಮನೆತನ ಹೆಂಗೈತೆ ಅಂತ ಕೇಳೋದು ಬಿಟ್ಟು..." ಎಂದು ಅಪ್ಪ ಹಲ್ಲು ಕಡಿದರು.

"ಮನೆತನ ಒಸಿ ಸೊಟ್ಟ ಇದ್ರೂ ನಡೀತೈತೆ ಕಣ್ಲಾ!"

ಅತ್ತೆ ಮದುವೆಯಾಗಲಿಲ್ಲ. ಅವರನ್ನು ನೋಡಲು ಬಂದವರು ಮುಖ ನೋಡುವ ಮೊದಲೇ ಕೈ ನೋಡಿ ಎದ್ದು ಹೋಗುತ್ತಿದ್ದರಂತೆ. ಅದು ಅಮ್ಮ ಹೇಳಿದ್ದು. ಅತ್ತೆ ಹೇಳುತ್ತಿದ್ದುದೇ ಬೇರೆ: "ಬಂದೋರ್ದು ಒಬ್ಬರ್ದೂ ಮೊಣಕೈ ಚೆನ್ನಾಗಿರ್ಲಿಲ್ಲ. ನಾನೇ ಬ್ಯಾಡ ಅಂದೆ."

ಇವರನ್ನು ದೇವಸ್ಥಾನಕ್ಕೆ ಕರೆದೊಯ್ದರೂ ಇದೇ ಕಥೆ. ಹಳೇಬೀಡಿನಲ್ಲಿ ಗೈಡು ಗೋಡೆಯ ಮೇಲಿನ ಶಿಲ್ಪಗಳನ್ನು ವಿವರಿಸುತ್ತಿದ್ದರೆ ಅತ್ತೆ ಕೈ ಮುರಿದ ವಿಗ್ರಹಗಳ ಮುಂದೆ ನಿಂತು ಲೊಚಗುಟ್ಟುತ್ತಿದ್ದರು. "ನೋಡೇ, ಇವಳ್ದೂ ನಂದು ಮುರ್ದಿರೋ ಜಾಗದಲ್ಲೇ ಹೋಗೈತೆ. ಸೀಬೆ ಮರ ಇತ್ತೇನಪ್ಪ ಇಲ್ಲಿ?" ಗೈಡು ಮುಂದಿನ ವಾಕ್ಯವನ್ನೇ ಮರೆತ. ಬೇಲೂರಿಗೆ ಹೋದಾಗ ಕನ್ನಡಿ ಹಿಡಿದು ನಿಂತ ಶಿಲಾಬಾಲಿಕೆಯನ್ನು ಕತ್ತೆತ್ತಿ ಬಹಳ ಹೊತ್ತು ನೋಡಿದರು. ಕೊನೆಗೊಮ್ಮೆ ಸೌಂದರ್ಯ ಕಣ್ಣಿಗೆ ಬಿತ್ತು ಎಂದು ನಾನು ಸಂತೋಷಪಟ್ಟೆ. ಅತ್ತೆ ನಿಟ್ಟುಸಿರು ಬಿಟ್ಟು ಹೇಳಿದರು: "ಕೈ ಎಷ್ಟು ಚೆಂದಾಗಿ ಮಡಚವಳೆ! ಇವಳಪ್ಪ ಬುದ್ಧಿವಂತ. ಎಣ್ಣೆ ಹಾಕಿ ಉಜ್ಸಿಲ್ಲ."

ಎಣ್ಣೆ ಎಂದರೆ ಅವರಿಗೆ ಅಷ್ಟು ಕೋಪ. ಊರಿನಲ್ಲಿ ಯಾರ ಮಗು ಬಿದ್ದು ಕೈ ಮುರಿದುಕೊಂಡರೂ ಕರೆಯದಿದ್ದರೂ ಹೋಗಿ, ಅಪ್ಪ ಅಮ್ಮನ ಹಿಂದೆಯೇ ವಾಹನ ಹತ್ತಿ, ಹಾಸನದ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬರುತ್ತಿದ್ದರು. ಅವರಿಗೆ ಬೇರೆ ಊರು ಸುತ್ತುವ ಚಪಲವಿರಲಿಲ್ಲ. ಹಾಸನಕ್ಕೆ ಹೋಗಬೇಕಾದರೆ ಯಾರದಾದರೂ ಮೊಣಕೈ ಮುರಿಯಬೇಕಿತ್ತು!

ಆರು ವರ್ಷದ ಹಿಂದೆ, ಬೇಸಿಗೆ ರಜಕ್ಕೆ ತವರಿಗೆ ಹೋಗಿದ್ದಾಗ, ಮುರಿದದ್ದು ನನ್ನ ಮಗಳದು. ಅವಳಿಗೂ ಆಗ ಆರೇ ವರ್ಷ. ಕೊಬ್ಬರಿಯಾಗಲೆಂದು ಅಟ್ಟದ ಮೇಲೆ ತೆಂಗಿನಕಾಯಿ ಹರಡಿದ್ದೆವು. ಒಣಗಿದ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗೆ ಗಟಗಟ ಸದ್ದು ಬರುತ್ತದೆ. ಆ ಸದ್ದು ಕೇಳಲು ಏಣಿ ಹತ್ತಿದವಳು, ಕಾಯಿ ಹಿಡಿದುಕೊಂಡೇ ಇಳಿಯಲು ಹೋಗಿ ಬಿದ್ದಳು. ಎಡ ಮೊಣಕೈ ನೋಡನೋಡುತ್ತ ಊದಿಕೊಂಡಿತು.

ಅಮ್ಮ ಒಲೆಯ ಮೇಲೆ ಎಣ್ಣೆ ಬಿಸಿಗಿಟ್ಟರು. ಅಪ್ಪ, "ಬಿಕ್ಕೋಡಿನ ಹತ್ರ ಒಬ್ರು ಚೆನ್ನಾಗಿ ಕಟ್ಟು ಹಾಕ್ತಾರೆ, ಜೀಪು ಹೇಳಿ" ಎಂದರು. ಅತ್ತೆ ಅಡುಗೆಮನೆಯಿಂದ ಬೆಚ್ಚಗಿನ ಎಣ್ಣೆಯ ಬಟ್ಟಲು ತಂದರು. ಅಯ್ಯೋ, ಇವರೂ ಎಣ್ಣೆ ಹಿಡಿದರಲ್ಲ ಎಂದು ನಾನು ನೋಡುತ್ತಿರುವಾಗಲೇ, ಬಟ್ಟಲನ್ನು ಎತ್ತಿ ತಮ್ಮ ತಲೆಯ ಮೇಲೆ ಸುರಿದುಕೊಂಡರು!

"ಅಕ್ಕಾ! ಹುಚ್ಚು ಹಿಡೀತಾ?"

"ತಲೆ ಕಾದಿತ್ತು ಕಣ್ಲಾ. ಈಗ ಎಣ್ಣೆ ಮುಗೀತು. ಏನ್ಲಾ, ಬಿಕ್ಕೋಡಾ? ಮೊದ್ಲು ಈ ಕೈ ನೋಡು," ಎಂದು ತಮ್ಮ ಎಡಗೈಯನ್ನು ಅಪ್ಪನ ಮೂಗಿನ ಮುಂದೆ ಚಾಚಿದರು. "ಮನೇಲಿ ಒಂದು ಸಾಕು."

ಅಪ್ಪ ಜೀಪಿನವರಿಗೆ ಫೋನು ಮಾಡಿ, "ಹಾಸನಕ್ಕೆ" ಎಂದರು.

ಅತ್ತೆ ಮಗುವಿನ ಕೈಯನ್ನು ಎಳೆಯಲಿಲ್ಲ, ನೆಟ್ಟಗೆ ಮಾಡಲಿಲ್ಲ. ಇದ್ದ ಹಾಗೆಯೇ ತಲೆದಿಂಬಿನ ಮೇಲಿಟ್ಟು ಟವೆಲ್ಲಿನಲ್ಲಿ ಸಡಿಲವಾಗಿ ಕಟ್ಟಿದರು. ಜೀಪಿನಲ್ಲಿ ಅಳುವ ಮಗುವಿಗೆ ಅಮ್ಮ ಬಿಸ್ಕತ್ತು ಕೊಡಲು ಹೋದರೆ, "ಮತ್ತು ಬರ್ಸೋಕೆ ಹೊಟ್ಟೆ ಖಾಲಿ ಇರ್ಬೇಕು" ಎಂದು ಕಿತ್ತುಕೊಂಡು ತಾವೇ ತಿಂದರು. ಇಡೀ ಪೊಟ್ಟಣ! ದಾರಿಯುದ್ದಕ್ಕೂ ಮಗುವಿನ ಬೆರಳು ಬೆಚ್ಚಗಿದೆಯೇ, ಮುಟ್ಟಿದ್ದು ಗೊತ್ತಾಗುತ್ತದೆಯೇ ಎಂದು ನೋಡುತ್ತಲೇ ಇದ್ದರು. ಅವರ ಹಣೆಯಿಂದ ಎಣ್ಣೆ ಇಳಿಯುತ್ತಲೇ ಇತ್ತು.

ಅರಸೀಕೆರೆಯಲ್ಲಿ ಎಕ್ಸ್‌ರೇ ತೆಗೆಸಿ ಹಾಸನ ಸೇರಿದೆವು. ಡಾಕ್ಟರು ಅತ್ತೆಯನ್ನು ಕಂಡು, "ಬಂದ್ರಾ ಅಮ್ಮ? ಇದು ಎಷ್ಟನೇದು?" ಎಂದು ನಕ್ಕರು.

"ಇದು ನಮ್ದು ಕಣಪ್ಪ," ಎಂದರು ಅತ್ತೆ.

ಡಾಕ್ಟರು ನಗುವುದನ್ನು ನಿಲ್ಲಿಸಿ ಕೂರಿಸಿಕೊಂಡು ಹೇಳಿದರು. ಮೂಳೆ ಮುರಿದು ಹಿಂದಕ್ಕೆ ಜಾರಿದೆ, ಪಕ್ಕದಲ್ಲೇ ರಕ್ತನಾಳ, ನರ ಇವೆ, ಬೆರಳುಗಳಿಗೆ ಸದ್ಯ ಏನೂ ಆಗಿಲ್ಲ. ಎಣ್ಣೆ ಹಾಕಿ ನೀವದೆ ತಂದದ್ದು ಒಳ್ಳೆಯದಾಯಿತು. ಮತ್ತು ಬರಿಸಿ, ಮೂಳೆಯನ್ನು ಎಳೆದು ಕೂರಿಸಿ, ಜಾರದಂತೆ ಎರಡು ತೆಳುವಾದ ತಂತಿ ಚುಚ್ಚಿ ನಿಲ್ಲಿಸುತ್ತೇವೆ. ಮೂರು ನಾಲ್ಕು ವಾರಕ್ಕೆ ತಂತಿ ತೆಗೆಯುತ್ತೇವೆ.

"ನೆಟ್ಟಗೆ ಬತ್ತದಾ?" ಅತ್ತೆಯ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ.

ಸಂಜೆಗೆ ಆಪರೇಷನ್ ಮುಗಿಯಿತು. ಡಾಕ್ಟರು ಹೊಸ ಎಕ್ಸ್‌ರೇ ತೋರಿಸಿದರು. ಅತ್ತೆ ಅದರ ಪಕ್ಕದಲ್ಲಿ ತಮ್ಮ ಕೈ ಹಿಡಿದು ಅಳತೆ ನೋಡಿದರು. "ನಿಮ್ಮದನ್ನೂ ಆಪರೇಷನ್ ಮಾಡಿ ನೆಟ್ಟಗೆ ಮಾಡಬಹುದು ಅಮ್ಮ," ಎಂದರು ಡಾಕ್ಟರು.

"ಬ್ಯಾಡಪ್ಪ. ಇಷ್ಟು ವರ್ಷ ಆದ್ಮೇಲೆ ನೆಟ್ಟಗಾದ್ರೆ ಶಿವಂಗೆ ಗುರುತು ಸಿಗಲ್ಲ."

ಕೈ ಸರಿಹೋಗುವವರೆಗೆ ನಾವು ತವರಿನಲ್ಲೇ ಉಳಿದೆವು. ತಂತಿ ತೆಗೆದ ಮೇಲೆ ಮಗುವಿನ ಕೈ ಪೂರ್ತಿ ಮಡಚುತ್ತಿರಲಿಲ್ಲ. ಯಾರೂ ಬಲವಂತವಾಗಿ ಬಗ್ಗಿಸಬೇಡಿ, ಅವಳೇ ಆಡಿಸಲಿ ಎಂದಿದ್ದರು ಡಾಕ್ಟರು. ಅತ್ತೆ ಒಂದು ಆಟ ಹುಡುಕಿದರು. ದಿನಾ ಎಡಗೈಯಲ್ಲಿ ಎಡ ಕಿವಿ ಮುಟ್ಟಬೇಕು, ಮುಟ್ಟಿದರೆ ಸೀಬೆ ಹಣ್ಣು. ಮೊದಲು ಗಲ್ಲ, ಆಮೇಲೆ ಕೆನ್ನೆ. ಎರಡು ತಿಂಗಳಿಗೆ ಕಿವಿ ಸಿಕ್ಕಿತು! "ತಪ್ಪೇ ಮಾಡ್ದೆ ಕಿವಿ ಹಿಡ್ಕಂಡೋಳು ಈ ಮನೇಲಿ ಇವಳೊಬ್ಬಳೇ" ಎಂದು ಅತ್ತೆ ಊರಿಗೆಲ್ಲ ಸಾರಿದರು. ಎರಡೂ ಕೈ ಚಾಚಿಸಿ, ಒಂದು ಕಣ್ಣು ಮುಚ್ಚಿ ನೋಡಿದರು. ಒಂದೇ ಸಮ.

ಮೂರು ವಾರದ ಹಿಂದೆ ಅತ್ತೆ ಹೋದರು. ಬೆಳಿಗ್ಗೆ ಸೀಬೆ ಹಣ್ಣು ಹೆಚ್ಚುತ್ತಿದ್ದವರು ಚಾಕು ಕೆಳಗಿಟ್ಟು ಗೋಡೆಗೆ ಒರಗಿದರು, ಅಷ್ಟೆ.

ನಮ್ಮಲ್ಲಿ ಹೋದವರನ್ನು ಕೂರಿಸುತ್ತಾರೆ. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಬೆನ್ನನ್ನು ಗೋಡೆಗೆ ಕೊಟ್ಟು ಪೂರ್ವಕ್ಕೆ ಕೂರಿಸಿದರು. ಎಡ ಅಂಗೈಯಲ್ಲಿ ಲಿಂಗ ಇಟ್ಟರು. ಅದು ಜಾರಿತು. ಅಪ್ಪ ಮತ್ತೆ ಇಟ್ಟರು. ಮತ್ತೆ ಜಾರಿತು. ಬಟ್ಟೆ ಮಡಿಸಿ ಕೆಳಗೆ ಕೊಟ್ಟರೂ ನಿಲ್ಲಲಿಲ್ಲ. ಅಪ್ಪ ಲಿಂಗವನ್ನು ಕೈಯಲ್ಲಿ ಹಿಡಿದು ಸುತ್ತ ಕೂತವರನ್ನು ನೋಡಿದರು.

ನನ್ನ ಮಗಳು ಎದ್ದು ಬಂದಳು. "ತಾತ, ಅಜ್ಜಿನ ನೆಟ್ಟಗೆ ಕೂರ್ಸಿದೀರ. ಅಜ್ಜಿ ಹಂಗೆ ಕೂರಲ್ಲ."

ಅಪ್ಪ ಅವಳನ್ನೊಮ್ಮೆ ನೋಡಿದರು. ಆಮೇಲೆ ಇಬ್ಬರೂ ಸೇರಿ ಮಣೆಯನ್ನು ಓರೆ ಮಾಡಿ, ಅತ್ತೆಯ ಎಡ ಭುಜವನ್ನು ಗೋಡೆಗೆ ಆನಿಸಿದರು. ಅತ್ತೆ ಅಡುಗೆಮನೆಗೆ ಮುಖ ಮಾಡಿದರು. ಮಗಳು ತನ್ನ ಎಡಗೈಯನ್ನು ಅವರ ಕೈಯ ಕೆಳಗೆ ಕೊಟ್ಟು, ಬಲಗೈಯಿಂದ ಲಿಂಗ ಇಟ್ಟು, ಸ್ವಲ್ಪ ಹೊತ್ತು ಹಾಗೆಯೇ ಹಿಡಿದುಕೊಂಡಿದ್ದಳು.

ಮೆಲ್ಲಗೆ ಕೈ ತೆಗೆದಳು. ಲಿಂಗ ಜಾರಲಿಲ್ಲ.