ಉಗಾಲಿಗೆ ಬಂದ ಸೋಮವಾರ

ಎಲ್ಲಕ್ಕೂ ಮೂಲ ಒಂದು ಶೇಂಗಾ ಉಂಡಿ.

ಪಂಚಮಿಯ ಮರುದಿನ ಅಫಜಲಪುರದ ಆ ಪುಟ್ಟ ಕಲಾ ಕಾಲೇಜಿನಲ್ಲಿ ಪಾಠಕ್ಕಿಂತ ಉಂಡಿಗಳೇ ಹೆಚ್ಚು. ಟಾಂಜಾನಿಯಾದಿಂದ ಬಿ.ಎ. ಓದಲು ಬಂದಿದ್ದ ಬರಾಕಾ ಗೇಟು ದಾಟುತ್ತಿದ್ದಂತೆ ಜವಾನ ಖಂಡಪ್ಪ ಡಬ್ಬಿ ತೆರೆದು ಎದುರಿಗೇ ನಿಂತ. ಕಾಲೇಜಿಗೆಲ್ಲ ಒಬ್ಬನೇ ವಿದೇಶಿ ವಿದ್ಯಾರ್ಥಿ. ಅವನಿಗೆ ತಿನ್ನಿಸುವುದರಲ್ಲಿ ಎಲ್ಲರಿಗೂ ಪೈಪೋಟಿ.

ಆದರೆ ಇವತ್ತು ಅವನು ಹೊಟ್ಟೆ ಖಾಲಿ ಇಟ್ಟುಕೊಳ್ಳಲೇಬೇಕಿತ್ತು. ಅವನು ಬಾಡಿಗೆಗಿದ್ದ ಮನೆಯ ಒಡತಿ ನಿಂಬೆವ್ವ ವಿಡಿಯೊ ಕಾಲಿನಲ್ಲಿ ಅವನ ತಾಯಿಯಿಂದ ಉಗಾಲಿ ಕಲಿತಿದ್ದಳು. ಮೆಕ್ಕೆಜೋಳದ ಹಿಟ್ಟಿನ, ನಮ್ಮ ಮುದ್ದೆಯಂಥ ಅಡುಗೆ. ಒಬ್ಬರ ಮಾತು ಒಬ್ಬರಿಗೆ ತಿಳಿಯದಿದ್ದರೂ ಇಬ್ಬರಿಗೂ ಹಿಟ್ಟಿನ ಹದ ತಿಳಿದಿತ್ತು. ಸಂಜೆಗೆ ಬಿಸಿಬಿಸಿ ಮಾಡಿಕೊಡುವುದಾಗಿ ನಿಂಬೆವ್ವ ಮಾತು ಕೊಟ್ಟಿದ್ದಳು. ಊರು ಬಿಟ್ಟಂದಿನಿಂದ ಉಗಾಲಿಯ ಮುಖ ಕಾಣದ ಹುಡುಗ, ಪಾಪ, ಕನಸಿನಲ್ಲೂ ಅದನ್ನೇ ಉಂಡಿದ್ದ.

"ಬ್ಯಾಡ್ರಿ ಖಂಡಪ್ಪಣ್ಣ."

"ಯಾಕ? ನಮ್ಮಾಕಿ ಮಾಡಿದ್ದು ಸೇರಂಗಿಲ್ಲೇನು?" ಖಂಡಪ್ಪನ ಮುಖ ಬಾಡಿತು.

ಬರಾಕಾ ಗಾಬರಿಯಾಗಿ ಬಾಯಿಗೆ ಬಂದದ್ದು ಹೇಳಿದ. "ಹಂಗಲ್ರಿ, ಶ್ರಾವಣ ಸೋಮವಾರ ಅಲ್ಲೇನ್ರಿ? ಉಪವಾಸ ಅದೀನಿ."

ಖಂಡಪ್ಪ ಡಬ್ಬಿ ಮುಚ್ಚಿ ಕೈಮುಗಿದ. ಬರಾಕಾ ಮೆಟ್ಟಿಲು ಹತ್ತುವಷ್ಟರಲ್ಲಿ ಸುದ್ದಿ ಪ್ರಿನ್ಸಿಪಾಲರಿಗೆ ಮುಟ್ಟಿತ್ತು.

"ಶಾಬಾಸ್!" ಎಂದು ಪ್ರಿನ್ಸಿಪಾಲ ಕಲ್ಯಾಣಪ್ಪನವರು ಬೆನ್ನು ತಟ್ಟಿದರು. "ನಾನೂ ಸೋಮವಾರ ಮಾಡ್ತೇನಿ. ಸಂಜಿಗಿ ನಮ್ಮ ಮನ್ಯಾಗ ಕೂಡೇ ಬಿಡೋಣು. ಹೋಳಿಗಿ ಮಾಡಸ್ತೇನಿ."

ಉಗಾಲಿ ಕೈತಪ್ಪೀತೆಂದು ಬರಾಕಾ ಅವಸರದಲ್ಲಿ ಹೇಳಿದ. "ಸಂಜಿಗಿ ಬಿಡಂಗಿಲ್ರಿ ಸರ್. ನಾಳಿ ಮುಂಜಾನಿ ತನಕ."

"ಹಾಲು? ಹಣ್ಣು? ಸಾಬೂದಾನಿ?"

"ಬರೇ ನೀರ್ರಿ."

ಕಲ್ಯಾಣಪ್ಪನವರು ಅವನ ಹಣೆಗೆ ವಿಭೂತಿ ಹಚ್ಚಿ, ತರಗತಿಯ ಮುಂದೆ ಕೂರಿಸಿ, ಇದ್ದ ಒಂದೇ ಫ್ಯಾನನ್ನು ಅವನತ್ತ ತಿರುಗಿಸಿದರು. ಸುತ್ತಲೂ ಎಳ್ಳುಂಡಿ, ರವೆಯುಂಡಿಗಳ ಘಮ. ಉಗಾಲಿ, ಉಗಾಲಿ ಎಂದು ಬರಾಕಾ ಮನಸ್ಸಿನಲ್ಲೇ ಅಂದುಕೊಂಡ. ತುಟಿ ಅಲುಗಿದ್ದನ್ನು ಕಂಡ ಖಂಡಪ್ಪ, "ಸುಮ್ಮ ಕುಂದರ್ರಿ, ಮಂತ್ರ ಹೇಳಾಕತ್ತಾನ!" ಎಂದು ಎಲ್ಲರನ್ನೂ ಗದರಿದ.

ಸಂಜೆ ಗೆಳೆಯರಿಂದ ಬಿಡಿಸಿಕೊಂಡು ಹೊರಡುವಷ್ಟರಲ್ಲಿ ಹೊತ್ತು ಮುಳುಗಿತ್ತು; ಬರಾಕಾ ಓಡಿಕೊಂಡೇ ಬಂದ. ಓಣಿಯ ತಿರುವಿನಲ್ಲೇ ಆ ವಾಸನೆ ಮೂಗಿಗೆ ಬಡಿಯಿತು. ಥೇಟ್ ತಾಯಿಯ ಅಡುಗೆಮನೆಯದು. ಹುಡುಗನ ಕಣ್ಣಲ್ಲಿ ನೀರೇ ಬಂತು.

ನಿಂಬೆವ್ವನ ಅಂಗಳದಲ್ಲಿ ಪ್ರಿನ್ಸಿಪಾಲರು ಕೈ ತೊಳೆಯುತ್ತಿದ್ದರು. ಪಕ್ಕದಲ್ಲಿ ಖಂಡಪ್ಪ ಪಾತ್ರೆಯ ತಳ ಕೆರೆಯುತ್ತಿದ್ದ.

"ಬಾರಪಾ!" ಎಂದು ಕಲ್ಯಾಣಪ್ಪನವರು ತೇಗಿದರು. "ನಿನ್ನ ಉಪವಾಸದ ಸುದ್ದಿ ಹೇಳಾಕ ಬಂದ್ವಿ. ಹೊತ್ತು ಮುಳುಗಿತ್ತು, ನಿಂಬೆವ್ವ ಬಿಡಲಿಲ್ಲ. ನಿಮ್ಮೂರ ಉಗಾಲಿ ಉಂಡು ನನ್ನ ಉಪವಾಸ ಬಿಟ್ಟೆ. ಏನ್ ರುಚಿ ಅಂತಿ!"

"ಆರಿ ಹೋಗ್ತದಂತ ಬಡಿಸಿದೆ," ಎಂದು ನಿಂಬೆವ್ವ ಸೆರಗಿನಿಂದ ಅವನ ಬೆವರು ಒರೆಸಿದಳು. "ನಾ ಒಂದು ತುತ್ತೂ ಮುಟ್ಟಿಲ್ಲ ನೋಡು. ಕೂಸು ಉಪವಾಸ ಇದ್ರ ನನಗ ಹೆಂಗ ಇಳೀತದ? ನಾನೂ ನಾಳಿ ತನಕ ನಿನ್ನ ಜೋಡಿ."

ನಿಜ ಹೇಳಬೇಕೆಂದಿದ್ದ ಬರಾಕಾ ಖಾಲಿ ಪಾತ್ರೆಯತ್ತ ನೋಡಿದ.

"ಹಿಟ್ಟು ಉಳಿದದ ಏನವ್ವಾ?" ಎಂದಷ್ಟೇ ಕೇಳಿದ.

"ಅದ. ಮುಂದಿನ ಸೋಮವಾರಕ್ಕ ಎತ್ತಿಟ್ಟೇನಿ. ಶ್ರಾವಣ ಮುಗಿಯೂತನಕ ಸರ್ ಉಪವಾಸ ಇಲ್ಲೇ ಬಿಡ್ತಾರಂತ. ಹಿಡದ ಉಪವಾಸ ನಡಕ್ಕ ಬಿಡಬಾರದಪಾ, ನೀನೂ ನಡಸು."

ಖಂಡಪ್ಪ ಬೆರಳು ನೆಕ್ಕಿ, ಉಂಡಿಯ ಡಬ್ಬಿಯನ್ನು ಬರಾಕಾನ ಕೈಗಿಟ್ಟ. "ನಾಳಿ ಮುಂಜಾನಿಗಿ, ಹಾಂ?"

ಬರಾಕಾ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ನಿಂಬೆವ್ವನ ಪಕ್ಕ ಕೂತ. ಅವಳು ಕೊಟ್ಟ ನೀರು ಕುಡಿದ.